ಹಳೆಯ ಕಂಪ್ಯೂಟರಿಗೆ ಲಿನಕ್ಸ್ ಹಾಕುವ ಕ್ರಮ

ಹಳೆಯ ಕಂಪ್ಯೂಟರ್ ನಿಧಾನವಾಗುವುದು ಬಹುಪಾಲು ಅದರ ಬಿಡಿಭಾಗ ಸವೆದದ್ದರಿಂದಲ್ಲ, ಅದರ ಮೇಲೆ ಹೇರಿದ ತಂತ್ರಾಂಶದ ಭಾರ ವರ್ಷದಿಂದ ವರ್ಷಕ್ಕೆ ಹೆಚ್ಚಿದ್ದರಿಂದ. 2012ರ ಸುಮಾರಿಗೆ ಕೊಂಡ ಡೆಸ್ಕ್‌ಟಾಪಿನ ಪ್ರೊಸೆಸರ್ ಅಂದಿನ ವೇಗದಲ್ಲೇ ಇಂದೂ ಲೆಕ್ಕ ಮಾಡಬಲ್ಲದು. ಆದರೆ ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಅದು ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಇಂಟೆಲ್‌ನದಾದರೆ ಎಂಟನೇ ತಲೆಮಾರಿನ ಅಥವಾ ಅದರ ನಂತರದ ಪ್ರೊಸೆಸರನ್ನೂ ಕೇಳುತ್ತದೆ. ಇವೆರಡರ ನಡುವೆ ಸಿಕ್ಕಿಬಿದ್ದ ಯಂತ್ರಗಳು ಬಳ್ಳಾರಿ, ಸಿರುಗುಪ್ಪ, ಕುರುಗೋಡಿನ ಅಂಗಡಿಗಳಲ್ಲಿ, ಹಗರಿ ದಂಡೆಯ ಮೋಕದಂಥ ಊರಿನ ಮನೆಗಳಲ್ಲಿ ಬಟ್ಟೆ ಹೊದ್ದು ಮೂಲೆ ಸೇರುತ್ತವೆ. ಗುಜರಿಗೆ ಹಾಕುವ ಮುಂಚೆ ಅವಕ್ಕೆ ಲಿನಕ್ಸ್ ಹಾಕಿ ನೋಡುವುದು ಎಲ್ಲ ರೀತಿಯಿಂದಲೂ ಸರಿಯಾದ ಕೆಲಸ.

ರಿಚರ್ಡ್ ಸ್ಟಾಲ್ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆಯ ಸಾಧನಗಳೂ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಹೊರತಂದ ಕರ್ನಲ್ಲೂ ಸೇರಿ ಆದದ್ದು ಈ ವ್ಯವಸ್ಥೆ. ಯಾರು ಬೇಕಾದರೂ ಬಳಸಬಹುದು, ತಿದ್ದಬಹುದು, ಹಂಚಬಹುದು. ಇದು ಬರಿ ಹವ್ಯಾಸಿಗಳ ಸರಕು ಎಂಬ ಮಾತಿಗೆ ಕಾಸರಗೋಡೇ ಉತ್ತರ. ಕೇರಳದಲ್ಲಿ 2001ರಲ್ಲಿ ಶುರುವಾದ ಐಟಿ ಅಟ್ ಸ್ಕೂಲ್ ಯೋಜನೆ (2017ರಿಂದ ಕೈಟ್) ಸರ್ಕಾರಿ ಶಾಲೆಗಳ ಕಂಪ್ಯೂಟರ್ ಕಲಿಕೆಯನ್ನು ಮುಕ್ತ ತಂತ್ರಾಂಶದ ಮೇಲೆ ಕಟ್ಟಿತು. 2019ರಲ್ಲಿ ಉಬುಂಟು 18.04ರ ಆಧಾರದ ಮೇಲೆ ಶಾಲೆಗಳಿಗೆಂದೇ ಒಂದು ಆವೃತ್ತಿ ಹೊರಬಂತು. ಗಡಿಯಾಚೆಯ ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಲಿನಕ್ಸ್ ಮೇಲೆಯೇ ಕಂಪ್ಯೂಟರ್ ಕಲಿಯುತ್ತಾರೆ.

ಮೊದಲು ನೋಡಬೇಕಾದ್ದು ಯಂತ್ರವನ್ನು. ಬಯಲುಸೀಮೆಯ ಬಿಸಿಲಿಗೂ ಧೂಳಿಗೂ ಪ್ರೊಸೆಸರ್ ಮೇಲಿನ ಫ್ಯಾನ್ ಬೇಗ ಕಟ್ಟಿಕೊಳ್ಳುತ್ತದೆ. ಬಿಸಿ ಹೊರಹೋಗದಿದ್ದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬ್ಲೋವರ್ ಹಿಡಿದು ಧೂಳು ತೆಗೆದು, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದರೆ ಎಷ್ಟೋ ಸಲ ಅರ್ಧ ಕೆಲಸ ಮುಗಿದಂತೆ. ಮದರ್‌ಬೋರ್ಡಿನ ನಾಣ್ಯದಾಕಾರದ ಸಿಆರ್2032 ಸೆಲ್ಲನ್ನೂ ಬದಲಿಸಬೇಕು. ವರ್ಷಗಟ್ಟಲೆ ಮೂಲೆಯಲ್ಲಿದ್ದ ಯಂತ್ರದಲ್ಲಿ ಆ ಸೆಲ್ ಸತ್ತು ತಾರೀಖು ಹಿಂದಕ್ಕೆ ಹೋಗಿರುತ್ತದೆ. ತಾರೀಖು ತಪ್ಪಿದ್ದರೆ ಬ್ರೌಸರ್ ಪ್ರತಿ ಜಾಲತಾಣಕ್ಕೂ ಭದ್ರತೆಯ ಎಚ್ಚರಿಕೆ ತೋರಿಸುತ್ತದೆ, ಲಿನಕ್ಸಿನ ಅಪ್‌ಡೇಟೂ ನಿಂತುಹೋಗುತ್ತದೆ. ತಪ್ಪು ಸಣ್ಣ ಸೆಲ್ಲಿನದು, ಬೈಗುಳ ಮಾತ್ರ ಹೊಸ ವ್ಯವಸ್ಥೆಗೆ.

ಖರ್ಚು ಮಾಡಲು ಸ್ವಲ್ಪ ಹಣವಿದ್ದರೆ ಅದು ಎಸ್‌ಎಸ್‌ಡಿಗೇ ಹೋಗಬೇಕು. ಸಾಟಾ ಜೋಡಣೆಯಿರುವ ಯಾವ ಯಂತ್ರಕ್ಕಾದರೂ ಎರಡೂವರೆ ಇಂಚಿನ ಎಸ್‌ಎಸ್‌ಡಿ ಕೂರುತ್ತದೆ. ತಿರುಗುವ ಹಾರ್ಡ್ ಡಿಸ್ಕ್ ಹೋಗಿ ಇದು ಬಂದರೆ ಆಗುವ ವ್ಯತ್ಯಾಸ ಬೇರಾವ ಬದಲಾವಣೆಯಿಂದಲೂ ಆಗದು. ಆಮೇಲೆ ಹಣ ಉಳಿದರೆ ರ್ಯಾಮ್.

ಯಾವ ಲಿನಕ್ಸ್ ಎಂಬುದನ್ನು ರ್ಯಾಮ್ ತೀರ್ಮಾನಿಸುತ್ತದೆ. 4 ಜಿಬಿ ಇದ್ದರೆ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿ; ವಿಂಡೋಸ್ ಬಳಸಿದ ಕೈಗೆ ಅದರ ಮೆನು ಹೊಸದೆನ್ನಿಸುವುದಿಲ್ಲ. 2 ಜಿಬಿಗೆ ಲುಬುಂಟು ಹಗುರ. ಅದಕ್ಕೂ ಕಡಿಮೆಯಿದ್ದರೆ, ಇಲ್ಲವೇ ಪ್ರೊಸೆಸರ್ 32 ಬಿಟ್‌ನದಾಗಿದ್ದರೆ, ಆಂಟಿಎಕ್ಸ್. ದೊಡ್ಡ ಲಿನಕ್ಸ್ ವಿತರಣೆಗಳು 32 ಬಿಟ್ಟನ್ನು ಒಂದೊಂದಾಗಿ ಕೈಬಿಡುತ್ತಿವೆ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13ರಲ್ಲಿ ಅದರ ಇನ್‌ಸ್ಟಾಲರೇ ಇಲ್ಲ. ಒಂದು ಮಾತು ನೆನಪಿರಬೇಕು: ವ್ಯವಸ್ಥೆ ಹಗುರವಾದ ಮಾತ್ರಕ್ಕೆ ಜಾಲತಾಣಗಳು ಹಗುರವಾಗವು. 1 ಜಿಬಿಯ ಯಂತ್ರ ಟೈಪಿಂಗಿಗೆ, ಹಾಡಿಗೆ ಸಾಕು. ಯೂಟ್ಯೂಬ್ ಪಾಠಕ್ಕೆ ಸಾಲದು.

ಆಯ್ದ ವಿತರಣೆಯ ಐಎಸ್‌ಒ ಕಡತವನ್ನು ಅದರದೇ ತಾಣದಿಂದ ಇಳಿಸಿಕೊಂಡು, ಕೊಟ್ಟಿರುವ ಶಾ-256 ಮೊತ್ತದೊಂದಿಗೆ ತಾಳೆ ನೋಡಬೇಕು. ಮೊಬೈಲ್ ಹಾಟ್‌ಸ್ಪಾಟಿನಲ್ಲಿ ಇಳಿಸುವಾಗ ಕಡತ ಅರ್ಧಂಬರ್ಧ ಆಗುವುದುಂಟು. ಬಳಿಕ ರೂಫಸ್ ಅಥವಾ ಎಚರ್ ಬಳಸಿ ಅದನ್ನು 8 ಜಿಬಿಯ ಪೆನ್ ಡ್ರೈವಿಗೆ ಬರೆಯಬೇಕು. ಸುಮ್ಮನೆ ಕಾಪಿ ಮಾಡಿದರೆ ಯಂತ್ರ ಅದರಿಂದ ಏಳುವುದಿಲ್ಲ. ಪೆನ್ ಡ್ರೈವ್ ಚುಚ್ಚಿ ಆನ್ ಮಾಡುತ್ತಲೇ ಡೆಲ್, ಲೆನೊವೊಗಳಲ್ಲಿ ಹೆಚ್ಚಾಗಿ ಎಫ್12, ಎಚ್‌ಪಿಯಲ್ಲಿ ಎಫ್9 ಒತ್ತಿದರೆ ಬೂಟ್ ಮೆನು ಬರುತ್ತದೆ.

ಇಲ್ಲಿ ಅವಸರ ಕೂಡದು. ಏನನ್ನೂ ಅಳಿಸದೆ ಪೆನ್ ಡ್ರೈವಿನಿಂದಲೇ ಲಿನಕ್ಸ್ ನಡೆಸಿ ನೋಡುವ ಲೈವ್ ಅನುಕೂಲ ಈ ಲೋಕದ ಅತಿ ದೊಡ್ಡ ಸೌಜನ್ಯ. ವೈಫೈ, ಧ್ವನಿ, ಕ್ಯಾಮೆರಾ, ಪ್ರಿಂಟರ್ ನಾಲ್ಕನ್ನೂ ಆಗಲೇ ಪರೀಕ್ಷಿಸಬೇಕು. ಹಳೆ ಲ್ಯಾಪ್‌ಟಾಪುಗಳ ಬ್ರಾಡ್‌ಕಾಮ್ ವೈಫೈ ಮೊದಲಿಗೆ ಕಾಣಿಸದಿದ್ದರೆ ಮೊಬೈಲನ್ನು ಯುಎಸ್‌ಬಿ ಕೇಬಲ್ಲಿನಲ್ಲಿ ಜೋಡಿಸಿ ಟೆದರಿಂಗ್ ಹಾಕಿದರಾಯಿತು. ಆ ಇಂಟರ್ನೆಟ್ಟಿನಿಂದಲೇ ಬೇಕಾದ ಡ್ರೈವರ್ ಇಳಿಯುತ್ತದೆ.

ಪ್ರಿಂಟರ್ ವಿಷಯ ಬೇರೆಯೇ. ಡಿಟಿಪಿ ಅಂಗಡಿಗಳಲ್ಲಿ ಎಲ್ಲೆಲ್ಲೂ ಕಾಣುವ ಕ್ಯಾನನ್ ಎಲ್‌ಬಿಪಿ 2900 ಲಿನಕ್ಸಿನಲ್ಲಿ ತಾಳ್ಮೆ ಕೆಡಿಸುತ್ತದೆ, ಅದರ ಡ್ರೈವರ್ ಹಳೆಯದು. ಎಚ್‌ಪಿ ಲೇಸರ್‌ಜೆಟ್ 1020 ಕಂಪನಿಯ ಒಂದು ಪ್ಲಗಿನ್ ಹಾಕಿದ ಮೇಲೆ ಸರಾಗ. ತಂತ್ರಾಂಶಗಳಲ್ಲೂ ಇಂಥ ತೊಡಕುಂಟು: ಲೆಕ್ಕಪತ್ರದ ಟ್ಯಾಲಿ ವಿಂಡೋಸಿಗಾಗಿಯೇ ಮಾಡಿದ್ದು. ಬೆರಳ ಗುರುತು ಓದುವ ಯಂತ್ರಗಳ ಆಧಾರ್ ಸೇವೆಗಳೂ ಬಹುತೇಕ ವಿಂಡೋಸ್, ಆಂಡ್ರಾಯ್ಡುಗಳನ್ನೇ ನಂಬಿವೆ. ಗೊಬ್ಬರದ ಅಂಗಡಿಯ ಲೆಕ್ಕ ಟ್ಯಾಲಿಯಲ್ಲಿದ್ದರೆ ಆ ಒಂದು ಯಂತ್ರವನ್ನು ಹಾಗೇ ಬಿಟ್ಟು, ಮಕ್ಕಳ ಓದಿನ ಕಂಪ್ಯೂಟರನ್ನು ಬದಲಿಸುವುದು ಲೇಸು.

ಫೋಟೊ, ದಾಖಲೆಗಳ ಪ್ರತಿ ಬೇರೆ ಡಿಸ್ಕಿನಲ್ಲಿ ಭದ್ರವಾದ ಮೇಲೆಯೇ ಇನ್‌ಸ್ಟಾಲ್ ಒತ್ತಬೇಕು. ವಿಂಡೋಸ್ ಜತೆಯಲ್ಲಿರಲಿ ಎನ್ನುವವರು ಮೊದಲು ಅದರ ಫಾಸ್ಟ್ ಸ್ಟಾರ್ಟಪ್ ಆಫ್ ಮಾಡಬೇಕು. ಇಲ್ಲದಿದ್ದರೆ ವಿಂಡೋಸಿನ ಡ್ರೈವ್‌ಗಳಿಗೆ ಲಿನಕ್ಸಿನಿಂದ ಬರೆಯಲಾಗದು. ಬೇಡ ಎನ್ನುವವರಿಗೆ ಇಡೀ ಡಿಸ್ಕ್ ಅಳಿಸಿ ಹಾಕುವ ಆಯ್ಕೆಯೇ ಸುಲಭ. ಡಿಸ್ಕ್ ವಿಂಗಡಣೆಯ ನಡುವೆ ಕರೆಂಟ್ ಹೋದರೆ ಯಂತ್ರ ಅತಂತ್ರ, ಆದ್ದರಿಂದ ಯುಪಿಎಸ್ ಬೇಕೇ ಬೇಕು. ಹಾಗೆ ಆದರೂ ಪೆನ್ ಡ್ರೈವಿನಿಂದ ಮತ್ತೆ ಮೊದಲಿಂದ ಹಾಕಬಹುದು.

ಕನ್ನಡದ ಕೆಲಸಕ್ಕೆ ಐಬಸ್ ಎಂ17ಎನ್ ಎಂಬ ಟೈಪಿಂಗ್ ಸಾಧನ ಹಾಕಿ ಕೆಜಿಪಿ ಕೀಲಿಮಣೆ ಆರಿಸಿದರೆ ನುಡಿ ತಂತ್ರಾಂಶಕ್ಕೆ ಒಗ್ಗಿದ ಬೆರಳುಗಳು ಅಲ್ಲೇ ಓಡುತ್ತವೆ. ಗುಬ್ಬಿ, ನವಿಲು, ಲೋಹಿತ್ ಅಕ್ಷರ ವಿನ್ಯಾಸಗಳು ಉಚಿತ. ಲಿಬ್ರೆ ಆಫೀಸಿನ ಭಾಷಾ ಸೆಟ್ಟಿಂಗಿನಲ್ಲಿ ಸಂಕೀರ್ಣ ಲಿಪಿಯ ಖಾನೆಗೆ ಕನ್ನಡ ಕೊಡಬೇಕು. ಕನ್ನಡಕ್ಕೂ ಇಂಗ್ಲಿಷಿಗೂ ಅದು ಅಕ್ಷರದ ಅಳತೆಯನ್ನು ಬೇರೆ ಬೇರೆ ಇಟ್ಟುಕೊಳ್ಳುತ್ತದೆ. ಹಳೆಯ ನುಡಿ 01 ಇ ಅಕ್ಷರದ ಕಡತಗಳು ಯೂನಿಕೋಡ್ ಅಲ್ಲವಾದ್ದರಿಂದ ಗೀಚಿದಂತೆ ಕಾಣುತ್ತವೆ. ಓದಲು ಆ ಫಾಂಟ್ ಸೇರಿಸಿದರೆ ಸಾಕು, ತಿದ್ದಲು ಯೂನಿಕೋಡಿಗೆ ಪರಿವರ್ತಿಸಬೇಕು.

ಇನ್ನುಳಿದದ್ದು ನಿರ್ವಹಣೆ. ಮಿಂಟ್ 22ರ ಸರಣಿಗೆ 2029ರವರೆಗೆ ಅಪ್‌ಡೇಟ್ ಬರುತ್ತದೆ. ಪ್ರತಿಸಲವೂ ಹಾಕುವ ಮುಂಚೆ ಟೈಮ್‌ಶಿಫ್ಟ್‌ನಲ್ಲಿ ವ್ಯವಸ್ಥೆಯ ಒಂದು ಪ್ರತಿ ತೆಗೆದಿಟ್ಟರೆ, ಏನಾದರೂ ಕೆಟ್ಟಲ್ಲಿ ಹಿಂದಿನ ಸ್ಥಿತಿಗೆ ಮರಳಬಹುದು.