ದೂರದವರ ಕೂಟಕ್ಕೂ ಭಾಗವತರು ಬೇಕು

ಮಳೆಗಾಲಕ್ಕೆ ಮೊದಲು ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ನಮ್ಮ ಪುತ್ತೂರು, ಸುಳ್ಯ, ಕಡಬದ ಕಡೆ ಆಟದ ಕಾಲ ಮುಗಿದು ಕೂಟದ ಕಾಲ ಶುರು. ದೇವಸ್ಥಾನದ ಸಭಾಭವನವೋ ಯಾರದೋ ಮನೆಯ ಚಾವಡಿಯೋ, ನಾಲ್ಕು ಕುರ್ಚಿಯೂ ಒಂದು ಮದ್ದಳೆಯೂ ಸಿಕ್ಕಿದಲ್ಲಿ ತಾಳಮದ್ದಳೆ: ವೇಷವಿಲ್ಲ, ಕುಣಿತವಿಲ್ಲ, ಭಾಗವತರು ಪದ್ಯ ಹಾಡುತ್ತಾರೆ, ಅರ್ಥಧಾರಿಗಳು ಕೂತಲ್ಲೇ ಪಾತ್ರವಾಗಿ ಮಾತಾಡುತ್ತಾರೆ. ಹೊರಗೆ ಮಳೆ ಹೊಡೆಯುತ್ತಿರುತ್ತದೆ, ಒಳಗೆ ಕರ್ಣನಿಗೂ ಶಲ್ಯನಿಗೂ ಹತ್ತಿಕೊಂಡಿರುತ್ತದೆ. ತೊಂದರೆ ಏನೆಂದರೆ, ಕರ್ಣ ಈಗ ದುಬಾಯಿಯಲ್ಲಿದ್ದಾನೆ, ಶಲ್ಯ ಬೆಂಗಳೂರಿನಲ್ಲಿ. ಊರಲ್ಲಿ ಉಳಿದವರು ಭಾಗವತರು, ಮದ್ದಳೆಯವರು ಮತ್ತು ಅಡಿಕೆಗೆ ಮದ್ದು ಬಿಡುವ ನಾವು ಕೆಲವರು.

ಹಾಗಾಗಿ ಫೋನಿನಲ್ಲೇ ಕೂಟ. 2020ರಲ್ಲಿ ಲಾಕ್‌ಡೌನ್ ಬಂದು ಮೇಳಗಳ ತಿರುಗಾಟ ಅರ್ಧಕ್ಕೇ ನಿಂತಾಗ ಬೇರೆ ದಾರಿಯಿಲ್ಲದೆ ಹಿಡಿದ ಅಭ್ಯಾಸ, ಕೆಲವರಲ್ಲಿ ಹಾಗೆಯೇ ಉಳಿದಿದೆ. ಇದೆಂಥ ಕೂಟ ಮಾರಾಯ್ರೆ ಎಂದು ಮೂಗು ಮುರಿಯುವ ಹಿರಿಯರು ಇದ್ದಾರೆ. ಅವರ ಮಾತಿನಲ್ಲಿ ಅರ್ಧ ಸತ್ಯ ಉಂಟು. ಆದರೆ ನಾನು ಕೇಳಿದ ಕೆಟ್ಟ ಕೂಟಗಳು ಕೆಟ್ಟದ್ದು ನೆಟ್‌ವರ್ಕಿನಿಂದಲ್ಲ. ನಡೆಸಿದವರು ಭಾಗವತರಂತೆ ನಡೆಸಲಿಲ್ಲ, ಆಫೀಸಿನ ಮೀಟಿಂಗ್ ಕರೆದವರಂತೆ ಲಿಂಕ್ ಕಳುಹಿಸಿ ಸುಮ್ಮನೆ ಕೂತರು.

ಹೊಸ ತಲೆಮಾರಿನ ಕೆಲವರಿಗೆ ಇಂಥದ್ದೇ ಇನ್ನೊಂದು ಕೂಟದ ಹುಚ್ಚು. ಅದು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ 1974ರಲ್ಲಿ ಹೊರತಂದದ್ದು. ಮೇಜಿನ ಸುತ್ತ ಕೂತು ಒಬ್ಬ ಯೋಧ, ಒಬ್ಬ ಮಂತ್ರವಾದಿ, ಒಬ್ಬ ಕಳ್ಳ ಎಂದು ಪಾತ್ರ ಹಿಡಿದು ಬಾಯಿಮಾತಿನಲ್ಲೇ ಸಾಹಸ ನಡೆಸುತ್ತಾರೆ. ಕಥೆ ನಡೆಸುವವನಿಗೆ ಡಂಜನ್ ಮಾಸ್ಟರ್ ಎಂದು ಹೆಸರು. 2012ರಲ್ಲಿ ರೋಲ್20 ಎಂಬ ತಾಣ ಬಂದ ಮೇಲೆ, ಬೇರೆ ಬೇರೆ ದೇಶದಲ್ಲಿರುವ ಗೆಳೆಯರೂ ಒಂದೇ ನಕ್ಷೆಯ ಮುಂದೆ ಕೂತು ಆಡುವುದು ಸುಲಭವಾಯಿತು. ಬಾಗಿಲು ಒಡೆಯುತ್ತೇನೆ ಎಂದು ಬಾಯಲ್ಲಿ ಹೇಳಿದರೆ ಅಲ್ಲಿ ಸಾಲದು, ಇಪ್ಪತ್ತು ಮುಖದ ದಾಳ ಉರುಳಿಸಬೇಕು. ಅಂಕೆ ಕಡಿಮೆ ಬಿದ್ದರೆ ಬಾಗಿಲು ಅಲ್ಲಾಡುವುದಿಲ್ಲ. (ದಾಳ ಉರುಳಿಸಿ ಕಥೆ ಮುಂದುವರಿಸಿದರೆ ಏನಾಗುತ್ತದೆಂದು ಹಸ್ತಿನಾವತಿಯವರನ್ನು ಕೇಳಬೇಕು.)

ನಮ್ಮ ಕೂಟದಲ್ಲಿ ದಾಳ ಇಲ್ಲ. ಕೊನೆ ಏನೆಂದು ಎಲ್ಲರಿಗೂ ಮೊದಲೇ ಗೊತ್ತು. ಕುಂಬಳೆಯ ಪಾರ್ತಿಸುಬ್ಬ ರಾಮಾಯಣದ ಪ್ರಸಂಗಗಳನ್ನು ಕಟ್ಟಿಕೊಟ್ಟಾಗಿದೆ, ಪದ್ಯ ಬದಲಾಗುವುದಿಲ್ಲ, ವಾಲಿ ಬದುಕುವುದಿಲ್ಲ. ಆದರೆ ಎರಡು ಪದ್ಯಗಳ ನಡುವಿನ ಮಾತನ್ನು ಯಾರೂ ಬರೆದಿಟ್ಟಿಲ್ಲ. ಎದೆಗೆ ಬಾಣ ನೆಟ್ಟುಕೊಂಡು ಬಿದ್ದ ವಾಲಿ, ಮರದ ಮರೆಯಲ್ಲಿ ನಿಂತು ಹೊಡೆದದ್ದು ಯಾಕೆ ಎಂದು ಕೇಳಬೇಕು, ರಾಮ ಉತ್ತರ ಹೇಳಬೇಕು. ಒಬ್ಬ ವಾಲಿ ಅರಸನಾಗಿ ನ್ಯಾಯ ಕೇಳುತ್ತಾನೆ: ನಿನ್ನ ಅಯೋಧ್ಯೆಗೂ ನನ್ನ ಕಿಷ್ಕಿಂಧೆಗೂ ಏನು ಸಂಬಂಧ? ಇನ್ನೊಬ್ಬ ನೊಂದ ಅಣ್ಣನಾಗಿ ಕೇಳುತ್ತಾನೆ: ಅಣ್ಣ ತಮ್ಮಂದಿರ ಜಗಳಕ್ಕೆ ನೀನು ಯಾಕೆ ಬಂದೆ? ಮೂರನೆಯವನಿಗೆ ರಾಮನ ಗುರುತು ಒಳಗೊಳಗೇ ಹತ್ತಿದೆ, ಕೇಳುವುದೆಲ್ಲ ಅವನ ಬಾಯಿಂದ ಕೇಳಿಸಿಕೊಳ್ಳುವುದಕ್ಕಾಗಿ. ಅರಸ ವಾಲಿಗೆ ಸಿದ್ಧ ಮಾಡಿಕೊಂಡು ಬಂದ ಉತ್ತರವನ್ನು ಅಣ್ಣ ವಾಲಿಗೆ ಕೊಟ್ಟರೆ ರಾಮ ಸೋತ. ಅರ್ಥಧಾರಿ ಶೇಣಿ ಗೋಪಾಲಕೃಷ್ಣ ಭಟ್ಟರಂಥವರ (1918–2006) ಎದುರು ರಾಮನಾಗಿ ಕೂತವರ ಅವಸ್ಥೆ ಊಹಿಸಿಕೊಳ್ಳಿ. ಬಾಣ ಬಿಟ್ಟವನೂ ರಾಮ, ಬೆವರುವವನೂ ರಾಮ. ಕಥೆಯಲ್ಲಿ ಗೆಲುವು ಒಬ್ಬನದು, ಚಾವಡಿಯಲ್ಲಿ ಗೆದ್ದವ ಇನ್ನೊಬ್ಬ. ದಾಳದ ಆಟದಲ್ಲಿ ಇಲ್ಲದ ರುಚಿ ಇದು. ದೂರದಿಂದ ಆಡುವವರಿಗೆ ಇದು ಅನುಕೂಲವೂ ಹೌದು. ನಕ್ಷೆ ಬೇಡ, ಲೆಕ್ಕದ ಹಾಳೆ ಬೇಡ, ಮಾತು ಹೋಗಿ ಮುಟ್ಟಿದರೆ ಆಯಿತು.

ಮಾತು ಮುಟ್ಟುತ್ತದೆ, ತಾಳ ಮುಟ್ಟುವುದಿಲ್ಲ. ಒಟ್ಟಿಗೆ ನುಡಿಸುವವರ ನಡುವೆ ಸದ್ದು ಸುಮಾರು 25ರಿಂದ 30 ಮಿಲಿಸೆಕೆಂಡಿಗಿಂತ ಹೆಚ್ಚು ತಡವಾದರೆ ಲಯ ಜಾರಲು ಶುರುವಾಗುತ್ತದೆ. ವೀಡಿಯೋ ಕಾಲಿನಲ್ಲಿ ಆಗುವ ತಡ ಅದರ ಎಷ್ಟೋ ಪಾಲು. ಭಾಗವತರು ಪುತ್ತೂರಿನಲ್ಲಿ ಹಾಡಿ ಮದ್ದಳೆಯವರು ಸುಬ್ರಹ್ಮಣ್ಯದಲ್ಲಿ ಬಾರಿಸುತ್ತೇನೆಂದರೆ ಅದು ಆಗದ ಹೋಗದ ಕೆಲಸ. ಹಿಮ್ಮೇಳ ಪೂರ್ತಿ ಒಂದೇ ಕೋಣೆಯಲ್ಲಿರಲಿ, ಅರ್ಥಧಾರಿಗಳು ಲೋಕದ ಯಾವ ಮೂಲೆಯಲ್ಲಾದರೂ ಇರಲಿ. ಇನ್ನೊಂದು ಕಿತಾಪತಿ ಉಂಟು. ಈ ಆ್ಯಪುಗಳಿಗೆ ಮನುಷ್ಯರ ಮಾತೊಂದೇ ಸದ್ದು, ಉಳಿದದ್ದು ಗಲಾಟೆ. ಮದ್ದಳೆಯ ನಾದವನ್ನು ಫ್ಯಾನಿನ ಸದ್ದೆಂದು ತಿಳಿದು ಅಳಿಸಿಹಾಕುತ್ತವೆ. ಧೀಂಕಾರ ಹೋಗಿ ಬೆರಳಿನ ಟಕಟಕ ಮಾತ್ರ ಉಳಿಯುತ್ತದೆ. ಜೂಮ್‌ನಲ್ಲಿ ‘ಒರಿಜಿನಲ್ ಸೌಂಡ್’ ಎಂಬ ಆಯ್ಕೆ ಇದೆ, ಹಿಮ್ಮೇಳದ ಕೋಣೆಯಲ್ಲಿ ಅದನ್ನು ಹಾಕಿಕೊಳ್ಳಿ. ಫೋನನ್ನು ಮದ್ದಳೆ ಇಟ್ಟ ಮೇಜಿನ ಮೇಲೆ ಇಡಬೇಡಿ. ಚೆಂಡೆಯನ್ನಂತೂ ಬಿಟ್ಟೇಬಿಡಿ, ಇಯರ್‌ಫೋನ್ ಹಾಕಿಕೊಂಡವರ ಕಿವಿ ಉಳಿಯಲಿ.

ಇದಕ್ಕಿಂತ ದೊಡ್ಡ ನಷ್ಟ ಮೌನದ್ದು. ಚಾವಡಿಯಲ್ಲಿ ಒಳ್ಳೆಯ ಅರ್ಥಧಾರಿ ಪ್ರಶ್ನೆ ಎಸೆದು ನಿಲ್ಲಿಸಿದರೆ ಸಭೆ ಉಸಿರು ಹಿಡಿಯುತ್ತದೆ. ಫೋನಿನಲ್ಲಿ ವಾಲಿ, ‘ಹೇಳು ರಾಮಾ, ನಾನು ನಿನಗೇನು ಮಾಡಿದ್ದೆ?’ ಎಂದು ನಿಲ್ಲಿಸಿದರೆ ಎರಡು ಗಳಿಗೆ ಕಳೆಯುವ ಮೊದಲೇ ಆ ಕಡೆಯಿಂದ ರಾಮ, ‘ಭಾವಾ, ಕೇಳ್ತಾ ಉಂಟಾ? ಕಟ್ ಆಯ್ತಾ?’ ಅಲ್ಲಿಗೆ ತ್ರೇತಾಯುಗ ಮುಗಿಯಿತು. ನಮ್ಮ ಬಳಗದಲ್ಲಿ ಇದಕ್ಕೊಂದು ಉಪಾಯ ಮಾಡಿದ್ದೇವೆ. ಹಿಮ್ಮೇಳದ ಕೋಣೆಯಲ್ಲಿ ಶ್ರುತಿಪೆಟ್ಟಿಗೆಯನ್ನು ಯಾವಾಗಲೂ ಸಣ್ಣಗೆ ಬಿಟ್ಟಿರುತ್ತೇವೆ. ಶ್ರುತಿ ಕೇಳುತ್ತಿದ್ದರೆ ಲೈನ್ ಉಂಟು, ಎದುರಿನವ ಬೇಕೆಂದೇ ಸುಮ್ಮನಿದ್ದಾನೆ ಎಂದರ್ಥ. ಶ್ರುತಿಯೂ ನಿಂತರೆ ಮಾತ್ರ ಯಾರನ್ನಾದರೂ ವಿಚಾರಿಸುವುದು. ಇಷ್ಟು ಮಾಡಿದ ಮೇಲೆ ಕೂಟಕ್ಕೆ ಮೌನ ವಾಪಸು ಬಂತು. ವಾಪಸು ಬಾರದ್ದು ಅಡ್ಡಮಾತು. ಎದುರಿನವ ಮಾತಾಡುವಾಗ ನಡುವೆ ಹಾಕುವ ‘ಹ್ಞೂಂ’, ‘ಹಾಗೋ?’, ‘ಅದು ಹೇಗೆ?’ಗಳಿಂದಲೇ ಸಂವಾದ ಏರುವುದು. ಇಬ್ಬರು ಒಟ್ಟಿಗೆ ಬಾಯಿಬಿಟ್ಟರೆ ಆ್ಯಪು ಒಬ್ಬನ ಸ್ವರವನ್ನು ನುಂಗುತ್ತದೆ. ಇದಕ್ಕೆ ಮದ್ದಿಲ್ಲ. ಮಾತನ್ನೇ ಸಣ್ಣದು ಮಾಡಿಕೊಳ್ಳಬೇಕು: ನಾಲ್ಕು ವಾಕ್ಯ ಹೇಳಿ ಬಿಡುವುದು, ನಾಲ್ಕು ವಾಕ್ಯ ಕೇಳುವುದು. ಸುಳ್ಯ ಚೊಕ್ಕಾಡಿಯ ಅರ್ಥಧಾರಿ ದೇರಾಜೆ ಸೀತಾರಾಮಯ್ಯನವರು (1914–1984) ನೆನಪಾಗುವುದು ಇಂಥಲ್ಲಿ. ಆಪ್ತವಾಗಿ, ಹತ್ತಿರ ಕೂತು ಮಾತಾಡಿದ ಹಾಗೆ ಅರ್ಥ ಹೇಳುವ ಅವರ ದಾರಿ ಫೋನಿನ ಕೂಟಕ್ಕೆ ಹೇಳಿಮಾಡಿಸಿದ್ದು. ಗುಡುಗುವವರಿಗೆ ಇಲ್ಲಿ ಜಾಗ ಕಡಿಮೆ, ಮೈಕು ಒಡೆದು ಬರೀ ಕರಕರ ಕೇಳುತ್ತದೆ.

ಹಾಗೆಂದು ಎಲ್ಲರೂ ಸಣ್ಣ ಮಾತಿಗೆ ಬಗ್ಗುತ್ತಾರೆಯೇ? ಪೀಠಿಕೆಗೇ ಅರ್ಧ ಗಂಟೆ ತೆಗೆದುಕೊಂಡು ವಂಶಾವಳಿ ಬಿಚ್ಚುವ ಕೌರವ ಪ್ರತಿ ಬಳಗದಲ್ಲೂ ಒಬ್ಬನಿದ್ದಾನೆ. ಮ್ಯೂಟ್ ಗುಂಡಿ ಕೈಯಲ್ಲಿದೆ ಎಂದು ಅವನನ್ನು ಮ್ಯೂಟ್ ಮಾಡುವುದು ಅವಮಾನ, ಮರುದಿನ ಗ್ರೂಪ್ ಬಿಟ್ಟುಹೋಗುತ್ತಾನೆ. ಭಾಗವತರ ಹಳೆಯ ದಾರಿ ಬೇರೆ. ಅವನ ಮಾತು ಒಂದು ನಿಲುಗಡೆಗೆ ಬರುವುದನ್ನೇ ಕಾದು ಪದ್ಯ ಎತ್ತುತ್ತಾರೆ. ಪದ್ಯ ಎತ್ತಿದ ಮೇಲೆ ದುರ್ಯೋಧನನಾದರೂ ಬಾಯಿ ಮುಚ್ಚಲೇಬೇಕು. ಯಾರಿಗೂ ಬೇಸರವಿಲ್ಲ, ಕಥೆಯೂ ಮುಂದೆ ಹೋಯಿತು. ಎದುರಾಳಿ ತಡವರಿಸುತ್ತಿದ್ದರೆ ಪದ್ಯವನ್ನು ಒಂದಿಷ್ಟು ಎಳೆದು ಹಾಡಿ ಯೋಚನೆಗೆ ಸಮಯ ಕೊಡುವವರೂ ಅವರೇ. ಡಂಜನ್ ಮಾಸ್ಟರುಗಳು ಬಂದು ಕಲಿಯಬೇಕಾದ ವಿದ್ಯೆ ಇದು.

ಪ್ರಸಂಗ ಇಡಿಯಾಗಿ ಬೇಡ, ಒಂದೂವರೆ ಗಂಟೆ ಮೀರಿದರೆ ಕಿವಿ ಸೋಲುತ್ತದೆ. ಹೊಸಬರಿಗೆ ಶರಸೇತು ಒಳ್ಳೆಯದು. ಅರ್ಜುನ, ಹನುಮಂತ, ನಡುವೆ ಒಂದು ಪಂಥ, ಕೊನೆಗೆ ಬ್ರಾಹ್ಮಣವೇಷದ ಕೃಷ್ಣ. ಮೂರೇ ಜನ ಸಾಕು. ಪದ್ಯಗಳಿಗೆ ಪೇಚಾಡಬೇಕಾಗಿಲ್ಲ, ಯಕ್ಷವಾಹಿನಿಯವರು ಪ್ರಸಂಗ ಪ್ರತಿಗಳನ್ನು ಅಂತರ್ಜಾಲದಲ್ಲಿ ಉಚಿತವಾಗಿ ಇಟ್ಟಿದ್ದಾರೆ. ಪಾತ್ರ ಹಂಚುವಾಗ ಕುಲಗೋತ್ರ ಹುಡುಕಬೇಡಿ. ಸಂಪಾಜೆಯ ಜಬ್ಬಾರ್ ಸಮೋ ಅವರ ಅರ್ಥ ಕೇಳಿದ ಊರು ನಮ್ಮದು. ಪುತ್ತೂರು ಬೊಳುವಾರಿನ ಆಂಜನೇಯ ಸಂಘದಲ್ಲಿ ಮಹಿಳೆಯರ ತಂಡವೇ ಇದೆ. ನ್ಯೂಜೆರ್ಸಿಯಲ್ಲಿರುವ ಅಕ್ಕನಿಗೆ ಭೀಷ್ಮ ಬೇಕಿದ್ದರೆ ಭೀಷ್ಮನನ್ನೇ ಕೊಡಿ. ರಾತ್ರಿ ಒಂಬತ್ತಕ್ಕೆ ಇಟ್ಟರೆ ದುಬಾಯಿಯಲ್ಲಿ ಏಳೂವರೆ, ಅಕ್ಕನ ಊರಿನಲ್ಲಿ ಬೇಸಿಗೆಯಾದರೆ ಬೆಳಿಗ್ಗೆ ಹನ್ನೊಂದೂವರೆ. ಶನಿವಾರವಾದರೆ ಎಲ್ಲರಿಗೂ ಅಡ್ಡಿಲ್ಲ.

ನೆಟ್‌ವರ್ಕಿನ ಕಥೆ ಹೇಳಿ ಸುಖವಿಲ್ಲ. 2021ರ ಜೂನಿನಲ್ಲಿ ಸುಳ್ಯ ತಾಲೂಕಿನ ಬಳ್ಳಕದಲ್ಲಿ ಮಗಳ ಆನ್‌ಲೈನ್ ತರಗತಿಗಾಗಿ ಮಳೆಯಲ್ಲಿ ರಸ್ತೆ ಬದಿ ಕೊಡೆ ಹಿಡಿದು ನಿಂತ ತಂದೆಯ ಚಿತ್ರವನ್ನು ದೇಶವೇ ನೋಡಿದೆ. ಕೂಟದ ಕಾಲವೂ ಕರೆಂಟು ಹೋಗುವ ಕಾಲವೂ ಒಂದೇ ಆಗಿರುವುದು ನಮ್ಮ ಹಣೆಬರಹ. ಇನ್ವರ್ಟರ್ ಇರುವ ಮನೆಯಲ್ಲಿ ಹಿಮ್ಮೇಳ ಕೂರಿಸಿ, ವೀಡಿಯೋ ಬಂದ್ ಮಾಡಿ, ಸ್ವರ ಮಾತ್ರ ಇಟ್ಟುಕೊಳ್ಳಿ. ಇದು ಬರೀ ಡೇಟಾ ಉಳಿಸುವ ಮಾತಲ್ಲ. ಬನಿಯನ್ ಹಾಕಿಕೊಂಡು ಗೋಡೆಯ ಕ್ಯಾಲೆಂಡರಿನ ಕೆಳಗೆ ಕೂತ ಹನುಮಂತನನ್ನು ಕಂಡರೆ ಸಮುದ್ರ ಕಣ್ಣಿಗೆ ಬರುವುದಿಲ್ಲ, ಕೇಳಿದರೆ ಬರುತ್ತದೆ. ರೆಕಾರ್ಡ್ ಮಾಡಿ ಯೂಟ್ಯೂಬಿಗೆ ಹಾಕುವ ಆಸೆಯನ್ನೂ ಬಿಡಿ. ನಾಳೆ ಯಾರೋ ಕೇಳುತ್ತಾರೆಂದು ಗೊತ್ತಾದ ಕೂಡಲೇ ಅರ್ಥಧಾರಿ ಎದುರಿನವನನ್ನು ಬಿಟ್ಟು ಆ ಯಾರಿಗೋ ಭಾಷಣ ಮಾಡತೊಡಗುತ್ತಾನೆ.

ಕೊನೆಗೆ ಹಣದ ಮಾತು. ದೂರದ ಗೆಳೆಯರಿಗೆ ಇದು ವಾರಾಂತ್ಯದ ಹವ್ಯಾಸ, ಭಾಗವತರಿಗೂ ಮದ್ದಳೆಯವರಿಗೂ ಅದು ಹೊಟ್ಟೆಪಾಡು. ಫೋನಿನಲ್ಲಿ ತಾನೇ ಎಂದು ಅವರನ್ನು ಬಿಟ್ಟಿ ಹಾಡಿಸಬೇಡಿ. ಹೊರಗಿದ್ದವರೆಲ್ಲ ಸೇರಿ ವಂತಿಗೆ ಹಾಕಿ, ಚಾವಡಿಯ ಕೂಟಕ್ಕೆ ಕೊಡುವಷ್ಟೇ ಸಂಭಾವನೆಯನ್ನು ಕೂಟದ ಹಿಂದಿನ ದಿನವೇ ಅವರ ಖಾತೆಗೆ ಕಳುಹಿಸಿ.