ನಿಡಘಟ್ಟದ ಗಡಿಯಲ್ಲಿ ‘ಸಂಸ್ಕಾರ’

ಬೆಂಗಳೂರಿನಿಂದ ಮೈಸೂರಿಗೆ ಹೋಗುವ ಹಳೆಯ ಹಾದಿಯಲ್ಲಿ, ಚನ್ನಪಟ್ಟಣದ ಸೀಮೆ ಮುಗಿದು ಮದ್ದೂರಿನ ಸೀಮೆ ತೊಡಗುವ ಕಡೆ ನಿಡಘಟ್ಟವಿದೆ. ಬಸ್ಸಿನ ಕಿಟಕಿಯಿಂದ ನಾನು ಎಷ್ಟೋ ಸಲ ಕಂಡ ಊರು. ಅಲ್ಲೊಂದು ಜಿಲ್ಲೆಯ ಗಡಿಯಿದೆಯೆಂಬುದು ನಿಜವಾಗಿ ಮನಸ್ಸಿಗೆ ತಾಕಿದ್ದು 2020ರಲ್ಲಿ, ಜಿಲ್ಲೆ ದಾಟಲು ಅಪ್ಪಣೆಚೀಟಿ ಬೇಕಾದಾಗ. ಮನೆಯಲ್ಲಿ ಕುಳಿತಿದ್ದ ಆ ದಿನಗಳಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಮತ್ತೆ ಓದಿದೆ.

1965ರಲ್ಲಿ ಬಂದ ಈ ಕಾದಂಬರಿಯನ್ನು ಪ್ರಾಣೇಶಾಚಾರ್ಯನ ಅಂತರಂಗದ ಕಥೆಯೆಂದೇ ನಾವು ಓದುತ್ತ ಬಂದಿದ್ದೇವೆ. ಅದು ತಪ್ಪೇನಲ್ಲ. ಆದರೆ ಕಥೆಯನ್ನು ನಡೆಸುವುದು ಒಂದು ಸಾಂಕ್ರಾಮಿಕ ಎಂಬುದನ್ನು ನಾವು ಮರೆತಿದ್ದೆವು. ಶಿವಮೊಗ್ಗೆಗೆ ಹೋಗಿ ಬಂದ ನಾರಣಪ್ಪ ಜ್ವರದಲ್ಲಿ ಸಾಯುತ್ತಾನೆ, ಇಲಿಗಳು ಬೀಳುತ್ತವೆ, ರಣಹದ್ದುಗಳು ಮನೆಯ ಮೇಲೆ ಕೂರುತ್ತವೆ. ಅಗ್ರಹಾರ ಮಾತ್ರ ಹೆಣದ ಸಂಸ್ಕಾರ ಯಾರದೆಂದು ಚರ್ಚಿಸುತ್ತ ಹಸಿದು ಕೂತಿರುತ್ತದೆ. ಆಚಾರ್ಯರು ಮೊದಲು ಗ್ರಂಥಗಳಲ್ಲಿ ಹುಡುಕುತ್ತಾರೆ, ಬಳಿಕ ಮಾರುತಿಯ ಹೂವಿಗಾಗಿ ಕಾಯುತ್ತಾರೆ. ನಿಯಮಕ್ಕೇನೂ ಅಲ್ಲಿ ಕೊರತೆಯಿಲ್ಲ. ನಿರ್ಧರಿಸಿ, ಅದಕ್ಕೆ ಉತ್ತರ ಹೇಳುವವರೊಬ್ಬರೂ ಇಲ್ಲ. ಕೊನೆಗೆ ಚಂದ್ರಿ ಅಹಮದ್ ಬ್ಯಾರಿಯ ನೆರವಿನಿಂದ ರಾತ್ರಿಯೇ ದಹನ ಮುಗಿಸುತ್ತಾಳೆ. ಅವಳನ್ನು ಯಾರೂ ಕೇಳಿರಲಿಲ್ಲ.

ಸರ್ಕಾರದ ಗ್ರಂಥ ಇದಕ್ಕೆ ತಿರುವುಮುರುವು. ಮುಂಬಯಿಯ ಪ್ಲೇಗಿನ ಹಿಂದೆಯೇ 1897ರಲ್ಲಿ ಬ್ರಿಟಿಷರು ಮಾಡಿದ ಸಾಂಕ್ರಾಮಿಕ ರೋಗಗಳ ಕಾಯಿದೆಯಲ್ಲಿದ್ದದ್ದು ನಾಲ್ಕೇ ಕಲಮು. ಅಗತ್ಯವೆನಿಸಿದ ನಿಯಮ ಮಾಡಬಹುದು. ಸದ್ಭಾವದಿಂದ ಮಾಡಿದ್ದಕ್ಕೆ ಯಾರ ಮೇಲೂ ದಾವೆ ನಿಲ್ಲದು. ಇಲ್ಲಿ ನಿರ್ಧಾರವಿದೆ, ಉತ್ತರವಿಲ್ಲ. ಹಾಗೆ ಉತ್ತರವಿಲ್ಲದ ಬಲಕ್ಕೆ ಜನ ಹೆದರಿದ್ದರಲ್ಲಿ ಆಶ್ಚರ್ಯವಿಲ್ಲ. ಮೈಸೂರು ಸಂಸ್ಥಾನದಲ್ಲೂ 1898ರಲ್ಲಿ, ಶ್ರೀರಂಗಪಟ್ಟಣದ ಬಳಿಯ ಗಂಜಾಂನಲ್ಲಿ ಪ್ಲೇಗಿನ ಕಟ್ಟುಪಾಡುಗಳ ವಿರುದ್ಧ ದಂಗೆಯೆದ್ದಿತ್ತು. 2020ರ ಮಾರ್ಚಿಯಲ್ಲಿ ನಮ್ಮ ರಾಜ್ಯ ಮಾಡಿದ ಕೋವಿಡ್ ನಿಯಮಗಳಿಗೂ ಆಧಾರ ಅದೇ ಹಳೆಯ ಕಾಯಿದೆ.

1975ರಲ್ಲಿ ತುರ್ತುಪರಿಸ್ಥಿತಿಯನ್ನು ಸಂವಿಧಾನದ 352ನೆಯ ವಿಧಿಯಂತೆ ಸಾರಲಾಗಿತ್ತು. 2020ರಲ್ಲಿ ಹಾಗೆ ಸಾರಲಿಲ್ಲ; ಲಾಕ್‌ಡೌನಿಗೆ 2005ರ ವಿಪತ್ತು ನಿರ್ವಹಣಾ ಕಾಯಿದೆ ಸಾಕಾಯಿತು. ಹಾಗಿದ್ದ ಮೇಲೆ ಪ್ರಜೆಯ ಹಕ್ಕುಗಳೂ ನ್ಯಾಯಾಲಯದ ಬಾಗಿಲೂ ತೆರೆದೇ ಇರಬೇಕಷ್ಟೆ? ಆ ಮೇ 22ರಂದು ರಾಜ್ಯ ಸರ್ಕಾರ ಕಾರ್ಖಾನೆಗಳ ದುಡಿಮೆಯನ್ನು ದಿನಕ್ಕೆ 10 ಗಂಟೆಗೆ ಏರಿಸಿತು. ಅದಕ್ಕೆ ಆಸರೆಯಾಗಿ ಹಿಡಿದದ್ದು ‘ಸಾರ್ವಜನಿಕ ತುರ್ತು’ ಎಂಬ ಮಾತು. ಕಾರ್ಖಾನೆ ಕಾಯಿದೆಯಲ್ಲಿ ಆ ಮಾತಿಗೆ ಯುದ್ಧ, ಹೊರಗಿನ ಆಕ್ರಮಣ, ಒಳಗಿನ ಕ್ಷೋಭೆಯಿಂದ ದೇಶದ ಭದ್ರತೆಗೆ ಬಂದ ಅಪಾಯವೆಂದು ಅರ್ಥವಿತ್ತು. ಹೈಕೋರ್ಟು ಪ್ರಶ್ನಿಸಿತು, ಜೂನ್ 11ರಂದು ಆದೇಶ ಹಿಂದಕ್ಕೆ ಹೋಯಿತು. ಒಂದು ಪದದ ಅರ್ಥವನ್ನು ಯಾರೋ ಪಟ್ಟುಹಿಡಿದು ಕೇಳಿದ್ದರಿಂದ ಕಾರ್ಮಿಕನ ದಿನದ ಎರಡು ಗಂಟೆ ಉಳಿಯಿತು. ವಿಮರ್ಶೆಯ ಕೆಲಸವೂ ಇದೇ ಅಲ್ಲವೆ?

ಇದೇ ಪ್ರಶ್ನೆಯನ್ನು ‘ಸಂಸ್ಕಾರ’ಕ್ಕೂ ಹಾಕಬೇಕಾಗಿದೆ. ಅಗ್ರಹಾರದ ಹೊರಗೆ, ಹೊಲೆಗೇರಿಯ ಗುಡಿಸಲುಗಳಲ್ಲೂ ಜನ ಸಾಯುತ್ತಾರೆ. ಹೆಣವಿರುವ ಗುಡಿಸಲಿಗೇ ಬೆಂಕಿಯಿಡುತ್ತಾರೆ. ಆ ಬೆಳಕು ಆಚಾರ್ಯರ ಕಥೆಯನ್ನು ದಟ್ಟವಾಗಿಸುತ್ತದೆ, ನಿಜ. ಆದರೆ ಆ ಗುಡಿಸಲಿನವರಿಗೆ ಕಾದಂಬರಿ ಸಾವನ್ನು ಕೊಟ್ಟಿತೇ ಹೊರತು ಪ್ರಶ್ನೆಯನ್ನು ಕೊಡಲಿಲ್ಲ. ಒಬ್ಬ ಬ್ರಾಹ್ಮಣನ ಹೆಣಕ್ಕೆ ಇಡೀ ಊರು ಉಪವಾಸ ಕೂತು ಚರ್ಚಿಸಿತು. ಇವರಿಗಾಗಿ ಯಾರೂ ಗ್ರಂಥ ತೆರೆಯಲಿಲ್ಲ. ಅಗ್ರಹಾರದ ಕುರುಡನ್ನು ತೋರಿಸುವ ಕೃತಿ ಇಲ್ಲಿ ತಾನೂ ಸ್ವಲ್ಪ ಆ ಕುರುಡಿಗೆ ಸೇರಿದೆಯೆಂದು ನನಗೆ ತೋರುತ್ತದೆ.

ಹಾಗೆಂದು ಕೃತಿಯ ಹಿರಿಮೆಯೇನೂ ಕುಗ್ಗದು. ರೋಗದ ಕಾಲದಲ್ಲಿ ಅಧಿಕಾರ ಬೇಡವೆಂದೂ ನಾನು ಹೇಳಲಾರೆ. ಅಗ್ರಹಾರದಂತೆ ಕೈಕಟ್ಟಿ ಕೂತರೆ ಹೆಣ ಕೊಳೆಯುತ್ತದೆ. ಆದರೆ ನಿಡಘಟ್ಟದ ಗಡಿಯಲ್ಲಿ ಚೀಟಿ ಕೇಳುವವನಿಗೆ ‘ಇದು ಯಾವ ಕಾಯಿದೆ, ಎಷ್ಟು ದಿನ, ಯಾರಲ್ಲಿ ದೂರಲಿ?’ ಎಂದು ಕೇಳುವ ಹಕ್ಕು ಚೀಟಿಯಿಲ್ಲದವನಿಗೂ ಇರಬೇಕು.