ಹೊಳೆಗೆ ದರ್ಜೆ ಕೊಡುವ ಲೆಕ್ಕದಲ್ಲಿ ತಪ್ಪಿದ್ದೆಲ್ಲಿ?

ಹೊಳೆ, ನದಿಗಳ ನೀರನ್ನು ಎ ಯಿಂದ ಇ ವರೆಗೆ ಐದು ದರ್ಜೆಗಳಾಗಿ ವಿಂಗಡಿಸುವ ಪದ್ಧತಿಯನ್ನು ರೂಪಿಸಿದ್ದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ. ಅದರ ಮೂಲ ಯೋಚನೆ ಒಳ್ಳೆಯದು. ಆ ನೀರನ್ನು ಜನ ಯಾವುದಕ್ಕೆಲ್ಲ ಬಳಸುತ್ತಾರೆ, ಅವುಗಳಲ್ಲಿ ಅತಿ ಶುದ್ಧ ನೀರು ಬೇಕಾದ ಬಳಕೆ ಯಾವುದು ಎಂದು ಮೊದಲು ಗೊತ್ತುಮಾಡಬೇಕು. ಹೊಳೆಯನ್ನು ಆ ಮಟ್ಟದಲ್ಲಿ ಉಳಿಸುವುದು ಸರ್ಕಾರದ ಹೊಣೆ. ಸೋಂಕು ನಿವಾರಿಸಿದರೆ ಸಾಕು, ಕುಡಿಯಬಹುದು ಎನ್ನುವಂಥದ್ದು ಎ. ಸ್ನಾನಕ್ಕೆ ಯೋಗ್ಯವಾದದ್ದು ಬಿ. ಪೂರ್ತಿ ಶುದ್ಧೀಕರಿಸಿ ಕುಡಿಯಬೇಕಾದದ್ದು ಸಿ. ಮೀನು, ವನ್ಯಜೀವಿಗಳಿಗೆ ಡಿ. ನೀರಾವರಿಗೆ, ಕಾರ್ಖಾನೆಯ ಯಂತ್ರ ತಣಿಸಲಿಕ್ಕೆ ಇ.

ಆಚರಣೆಯಲ್ಲಿ ಇದು ತಲೆಕೆಳಗಾಗಿದೆ. ತಿಂಗಳಿಗೊಮ್ಮೆ ಮಾದರಿ ತೆಗೆದು, ನೀರು ಇವತ್ತು ಹೇಗಿದೆಯೋ ಅದಕ್ಕೊಂದು ಅಕ್ಷರ ಅಂಟಿಸಲಾಗುತ್ತದೆ. ಹೊಳೆ ಹೇಗಿರಬೇಕು ಎಂಬ ಪ್ರಶ್ನೆ ಕಡತದಲ್ಲೇ ಉಳಿಯುತ್ತದೆ. ಸಿ ಇದ್ದದ್ದು ಡಿ ಆದರೆ ಅದು ಕೇವಲ ಒಂದು ಮಾಹಿತಿಯಾಗುತ್ತದೆ, ಯಾರ ಮೇಲೂ ಹೊಣೆ ಹೊರಿಸುವುದಿಲ್ಲ.

ಇನ್ನೂ ದೊಡ್ಡ ದೋಷ ಇ ದರ್ಜೆಯಲ್ಲಿದೆ. ಅಲ್ಲಿ ನೋಡುವುದು ಆಮ್ಲ-ಕ್ಷಾರದ ಮಟ್ಟ, ಲವಣಾಂಶ, ಸೋಡಿಯಂ ಪ್ರಮಾಣ, ಬೋರಾನ್, ಇಷ್ಟೇ. ಬಿಓಡಿ, ಅಂದರೆ ಕೊಳೆಯನ್ನು ಜೀರ್ಣಿಸಲು ಸೂಕ್ಷ್ಮಜೀವಿಗಳು ಎಳೆದುಕೊಳ್ಳುವ ಆಮ್ಲಜನಕದ ಅಳತೆ, ಅಲ್ಲಿ ಇಲ್ಲ. ಮಲದ ಸುಳಿವು ಕೊಡುವ ಕಾಲಿಫಾರ್ಮ್ ಎಣಿಕೆಯೂ ಇಲ್ಲ. ಮೇಲಾಗಿ, ನಿಯಂತ್ರಿತವಾಗಿ ತ್ಯಾಜ್ಯ ಬಿಡುವುದನ್ನೂ ಒಂದು ‘ಬಳಕೆ’ ಎಂದೇ ಈ ದರ್ಜೆ ಒಪ್ಪಿದೆ. ಊರ ಮೋರಿಯ ನೀರೇ ಹರಿಯುವ ಹಳ್ಳವೂ ಇಲ್ಲಿ ತೇರ್ಗಡೆಯಾಗಬಹುದು. ಆ ನೀರಲ್ಲಿ ಸೊಪ್ಪು ಬೆಳೆಯುವವರು, ಕೆಸರಲ್ಲಿ ನಿಂತು ನಾಟಿ ಮಾಡುವ ಹೆಣ್ಣುಮಕ್ಕಳು ಈ ಲೆಕ್ಕದಲ್ಲಿ ಎಲ್ಲೂ ಇಲ್ಲ.

ಹುಣಸೂರಿನ ಲಕ್ಷ್ಮಣತೀರ್ಥವನ್ನೇ ನೋಡೋಣ. ಕೊಡಗಿನ ಇರ್ಪುವಿನ ಕಾಡಲ್ಲಿ ತಿಳಿಯಾಗಿ ಹುಟ್ಟುವ ಈ ಹೊಳೆ ಹುಣಸೂರು ದಾಟಿ ಕೃಷ್ಣರಾಜಸಾಗರ ಸೇರುತ್ತದೆ. ಬಿಓಡಿ ಲೀಟರಿಗೆ 3 ಮಿಲಿಗ್ರಾಂ ಮೀರಿದ 351 ನದಿ ಭಾಗಗಳನ್ನು ಕೇಂದ್ರ ಮಂಡಳಿ 2018ರಲ್ಲಿ ಪಟ್ಟಿ ಮಾಡಿತು. ಅದರಲ್ಲಿ ಕರ್ನಾಟಕದ 17 ಭಾಗಗಳಿದ್ದವು, ಲಕ್ಷ್ಮಣತೀರ್ಥವೂ ಅವುಗಳಲ್ಲೊಂದು.

ಒಳಚರಂಡಿ ಹಾಕಿ, ಕೊಳಚೆ ಶುದ್ಧೀಕರಣ ಘಟಕ (ಎಸ್‌ಟಿಪಿ) ಕಟ್ಟಿದರೆ ಆಯಿತಲ್ಲ ಎನ್ನಬಹುದು. ಲೆಕ್ಕ ಹಾಕಿ ನೋಡೋಣ. 2011ರ ಜನಗಣತಿಯ ಹೊತ್ತಿಗೆ ಹುಣಸೂರಿನ ಜನಸಂಖ್ಯೆ ಸುಮಾರು 50 ಸಾವಿರ. ತಲೆಗೆ ದಿನಕ್ಕೆ 135 ಲೀಟರ್ ನೀರು ಕೊಟ್ಟು, ಅದರಲ್ಲಿ ಶೇಕಡ 80 ಚರಂಡಿಗೆ ಬರುತ್ತದೆ ಎಂಬ ರೂಢಿಯ ಲೆಕ್ಕದಲ್ಲಿ ದಿನಕ್ಕೆ 54 ಲಕ್ಷ ಲೀಟರ್ ಕೊಳಚೆ. 2017ರ ನಿಯಮದಂತೆ ಇಂಥ ಊರಿನ ಎಸ್‌ಟಿಪಿ ಬಿಡುವ ನೀರಲ್ಲಿ ಬಿಓಡಿ 30 ಮಿಲಿಗ್ರಾಂ ಇರಬಹುದು. ಸ್ನಾನದ ದರ್ಜೆಗಾಗಲಿ, ಶುದ್ಧೀಕರಿಸಿ ಕುಡಿಯುವ ದರ್ಜೆಗಾಗಲಿ ಮಿತಿ 3. ಮೇಲಿನಿಂದ ಬರುವ ನೀರು 1 ಮಿಲಿಗ್ರಾಂನಷ್ಟು ಚೊಕ್ಕಟವಾಗಿದೆ ಎಂದುಕೊಂಡರೂ, ಎರಡೂ ಬೆರೆತು 3ಕ್ಕೆ ಇಳಿಯಬೇಕಾದರೆ ಕೊಳಚೆಯ ಹದಿಮೂರೂವರೆ ಪಟ್ಟು ಹೊಳೆನೀರು ಬೇಕು. ಅಂದರೆ ಸುಮಾರು 30 ಕ್ಯೂಸೆಕ್, ಅದೂ ವರ್ಷವಿಡೀ.

ಮಳೆಗಾಲದಲ್ಲಿ ಇದು ದೊಡ್ಡ ಮಾತಲ್ಲ. ಏಪ್ರಿಲ್‌ನಲ್ಲಿ ನಮ್ಮ ಸಣ್ಣ ಹೊಳೆಗಳಲ್ಲಿ ನೀರೆಲ್ಲಿದೆ? ಹೀಗಾಗಿ ಎಸ್‌ಟಿಪಿ ನಿಯಮದ ಅಕ್ಷರ ಅಕ್ಷರ ಪಾಲಿಸಿದರೂ ಹೊಳೆ ಕೆಡುತ್ತದೆ. ಬಿಡುವ ನೀರಿಗೆ ಒಂದು ನಿಯಮ, ಹರಿಯುವ ನೀರಿಗೆ ಇನ್ನೊಂದು. ಎರಡನ್ನೂ ಜೋಡಿಸುವ ಲೆಕ್ಕ ಈ ನಿಯಮಗಳಲ್ಲಿ ಇಲ್ಲ. ಈ ಪದ್ಧತಿಯ ಬಗ್ಗೆ ನನ್ನ ಮುಖ್ಯ ಆಕ್ಷೇಪ ಇದೇ.

ಮಾದರಿ ತೆಗೆಯುವ ಹೊತ್ತಿನ ಬಗ್ಗೆಯೂ ಒಂದು ಮಾತು. ಕೊಳಚೆ ಸೇರಿದ ನಿಧಾನ ಹರಿವಿನಲ್ಲಿ ಪಾಚಿ ಬೆಳೆಯುತ್ತದೆ. ಬಿಸಿಲಿದ್ದಾಗ ಅದು ಆಮ್ಲಜನಕ ಬಿಡುವುದರಿಂದ ಮಧ್ಯಾಹ್ನದ ಅಳತೆ ಚೆನ್ನಾಗಿಯೇ ಬರುತ್ತದೆ. ಮೀನು ಸಾಯುವುದು ಬೆಳಗಿನ ಜಾವ, ಆಮ್ಲಜನಕ ತಳ ಕಂಡಾಗ. ಹಗಲು ತುಂಬಿಸಿಕೊಂಡ ಒಂದು ಬಾಟಲಿಯಿಂದ ಅದು ತಿಳಿಯುವುದಿಲ್ಲ. ಹೊಳೆಯ ತಳದ ಹುಳು, ಮರಿಕೀಟಗಳನ್ನು ನೋಡಿ ನೀರಿನ ಆರೋಗ್ಯ ಅಳೆಯುವ ಮಾನದಂಡವನ್ನು ಕೇಂದ್ರ ಮಂಡಳಿಯೇ ರೂಪಿಸಿದೆ. ತಿಂಗಳುಗಟ್ಟಲೆಯ ಕಥೆಯನ್ನು ಆ ಜೀವಿಗಳು ಹೇಳಬಲ್ಲವು. ಅದನ್ನು ಮಾಮೂಲಿ ವರದಿಯ ಭಾಗ ಮಾಡಬೇಕು.

ಹಾಗೆಂದು ದರ್ಜೆಗಳನ್ನೇ ಕೈಬಿಡಬೇಕೆಂದು ನಾನು ಹೇಳುತ್ತಿಲ್ಲ. ಈ ಐದು ಅಕ್ಷರಗಳಿಂದಾಗಿಯೇ ಸಾಮಾನ್ಯ ಓದುಗನೂ ತನ್ನ ಊರ ನೀರಿನ ಬಗ್ಗೆ ಪ್ರಶ್ನೆ ಕೇಳಬಲ್ಲ. ಆದರೆ ವರದಿಯಲ್ಲಿ ‘ಈಗಿನ ದರ್ಜೆ’ಯ ಪಕ್ಕದಲ್ಲಿ ‘ಇರಬೇಕಾದ ದರ್ಜೆ’ ಅಚ್ಚಾಗಬೇಕು. ಇ ದರ್ಜೆಗೆ ಕಾಲಿಫಾರ್ಮ್ ಮಿತಿ ಬರಬೇಕು, ತ್ಯಾಜ್ಯ ಬಿಡುವುದು ಬಳಕೆಯ ಪಟ್ಟಿಯಿಂದ ಹೋಗಬೇಕು. ಎಸ್‌ಟಿಪಿಗೆ ಅನುಮತಿ ಕೊಡುವಾಗ ಹೊಳೆಯ ಬೇಸಿಗೆ ಹರಿವನ್ನು ಅಳೆದು, ಅದು ತಾಳುವಷ್ಟಕ್ಕೇ ಮಿತಿ ಹಾಕಬೇಕು. ತಾಳದಿದ್ದರೆ ಆ ನೀರು ಇನ್ನಷ್ಟು ಶುದ್ಧವಾಗಬೇಕು, ಇಲ್ಲವೇ ಬೇಸಿಗೆಯಲ್ಲಿ ಹೊಳೆಗೆ ಬರಲೇಬಾರದು. ನಿಮ್ಮ ಊರಿಗೆ ಒಳಚರಂಡಿ ಯೋಜನೆ ಬಂದಾಗ ನಗರಸಭೆಯನ್ನು ಮೊದಲು ಇದನ್ನೇ ಕೇಳಿ: ಏಪ್ರಿಲ್‌ನಲ್ಲಿ ನಮ್ಮ ಹೊಳೆಯಲ್ಲಿ ಎಷ್ಟು ಕ್ಯೂಸೆಕ್ ನೀರಿರುತ್ತದೆ?